ಹಬೆ, ಉಪ್ಪುನೀರು, ಮೂಗಿನ ಲಸಿಕೆ: ಸೋಂಕು ಹರಡುವುದನ್ನು ಯಾವುದು ತಡೆಯುತ್ತದೆ?

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ಸಾಕು, ನಮ್ಮ ಅತ್ತೆಯವರು ಎಲ್ಲರನ್ನೂ ಕೂರಿಸಿ ನೀಲಗಿರಿ ಎಣ್ಣೆ ಹಾಕಿದ ಹಬೆ ಕೊಡುತ್ತಾರೆ, ನಾಲ್ಕು ವರ್ಷದ ಮಗನಿಗೂ. ಕೊರೊನಾ ಕಾಲದಿಂದ ಇದೇ ರೂಢಿ. ಇದರಿಂದ ಒಬ್ಬರಿಂದ ಒಬ್ಬರಿಗೆ ಅಂಟುವುದು ತಪ್ಪುತ್ತದೆಯೇ?
– ಗೃಹಿಣಿ, ಕುಷ್ಟಗಿ

ಉತ್ತರ: ತಪ್ಪುವುದಿಲ್ಲ ತಾಯಿ. ಹಬೆಯಿಂದ ಕಟ್ಟಿದ ಮೂಗು ಸ್ವಲ್ಪ ಹೊತ್ತು ಹಗುರ ಅನಿಸಬಹುದು, ಅಷ್ಟೇ. ವೈರಾಣು ಸೇರಿಕೊಂಡಿರುವುದು ಮೂಗು, ಗಂಟಲಿನ ಜೀವಕೋಶಗಳ ಒಳಗೆ. ಅದು ಸಾಯುವಷ್ಟು ಬಿಸಿಯನ್ನು ನಮ್ಮ ಮೂಗು ತಾಳಲಾರದು. ನಿಮ್ಮ ಮಗನಿಗೆ ಮಾತ್ರ ಇವತ್ತಿನಿಂದಲೇ ನಿಲ್ಲಿಸಿರಿ. ಚಾದರದಡಿ ಕೂತ ಮಗು ಕೈ ಆಡಿಸಿ ಕುದಿನೀರಿನ ಪಾತ್ರೆಯನ್ನು ತೊಡೆಯ ಮೇಲೆ ಕೆಡವಿಕೊಂಡರೆ ಆಗುವ ಸುಟ್ಟಗಾಯ ತಿಂಗಳುಗಟ್ಟಲೆ ಕಾಡುತ್ತದೆ. ನೀಲಗಿರಿ ಎಣ್ಣೆ, ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು, ಆ ಶೀಶೆಗಳನ್ನು ಎತ್ತರದಲ್ಲಿಡಿರಿ. ಅತ್ತೆಯವರ ಕಾಳಜಿ ದೊಡ್ಡದು. ಆ ಕಾಳಜಿಯಿಂದಲೇ ನೆಗಡಿ ಬಂದವರಿಗೆ ಬೇರೆ ಹಾಸಿಗೆ, ಬೇರೆ ಟವೆಲ್ ಕೊಡಲಿ, ಮಲಗುವ ಕೋಣೆಯ ಕಿಟಕಿ ತೆರೆದಿಡಲಿ.

ಪ್ರಶ್ನೆ: ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ. ಧೂಳಿಗೆ ಮೂಗು ಸದಾ ಕಟ್ಟಿರುತ್ತದೆ. ಉಪ್ಪುನೀರಿನಿಂದ ಮೂಗು ತೊಳೆದರೆ ನೆಗಡಿ ಮನೆಯವರಿಗೆ ಹರಡುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ. ನಿಂಬೆರಸ ಬಿಟ್ಟುಕೊಂಡರೂ ಆದೀತೆ?
– ಕಾರ್ಮಿಕ, ಗಂಗಾವತಿ

ಉತ್ತರ: ಮೊದಲು ನಿಂಬೆರಸದ ಮಾತು. ಬೇಡವೇ ಬೇಡ. 2021ರಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಹೋಗುತ್ತದೆ ಎಂಬ ಮಾತು ನಮ್ಮ ರಾಜ್ಯದಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತ್ತು. ನಿಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ ಹಾಗೆ ಮಾಡಿದ ಒಬ್ಬರು ಅಸ್ವಸ್ಥರಾಗಿ ತೀರಿಕೊಂಡ ಸುದ್ದಿಯೂ ಬಂತು. ಹುಳಿರಸದಿಂದ ಮೂಗಿನ ಒಳಪದರ ಉರಿಯುತ್ತದೆ, ಶ್ವಾಸನಾಳಕ್ಕೆ ಇಳಿದರೆ ಅಪಾಯ.

ಉಪ್ಪುನೀರಿನ ವಿಷಯ ಬೇರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಾಯೋಗಿಕ ಅಧ್ಯಯನದಲ್ಲಿ, ನೆಗಡಿ ಶುರುವಾದೊಡನೆ ಉಪ್ಪುನೀರಿನಿಂದ ಮೂಗು ತೊಳೆದು ಬಾಯಿ ಮುಕ್ಕಳಿಸಿದವರಿಗೆ ಹೆಚ್ಚುಕಡಿಮೆ ಎರಡು ದಿನ ಮೊದಲೇ ವಾಸಿಯಾಯಿತು. ಮನೆಯವರಿಗೆ ಅಂಟುವುದೂ ಸುಮಾರು 35 ಪ್ರತಿಶತ ಕಡಿಮೆಯಾಗಿತ್ತು. ಉಪ್ಪಿನಲ್ಲಿರುವ ಕ್ಲೋರೈಡ್ ಬಳಸಿ ನಮ್ಮ ಜೀವಕೋಶಗಳೇ ವೈರಾಣುವನ್ನು ಅಡಗಿಸುವ ಆಮ್ಲ ತಯಾರಿಸುತ್ತವೆ ಎಂಬುದು ಆ ಸಂಶೋಧಕರ ವಿವರಣೆ. ಅದಕ್ಕೂ ಮೊದಲು, 2004ರಲ್ಲಿ ಅಮೆರಿಕದ ವಿಜ್ಞಾನಿಗಳು ನೆಬ್ಯುಲೈಸರ್‌ನಿಂದ ಉಪ್ಪುನೀರಿನ ಮಂಜನ್ನು ಉಸಿರಿಗೆ ಕೊಟ್ಟು ನೋಡಿದ್ದರು. ಉಸಿರಿನಲ್ಲಿ ಹೆಚ್ಚು ಹನಿ ಹೊರಬಿಡುವವರಲ್ಲಿ ಆ ಹನಿಗಳು ಆರು ತಾಸಿನವರೆಗೆ ಸುಮಾರು 72 ಪ್ರತಿಶತ ಇಳಿದವು. ಎರಡೂ ಚಿಕ್ಕ ಅಧ್ಯಯನಗಳು. ಎರಡನೆಯದರಲ್ಲಿ ಇದ್ದವರು ಆರೋಗ್ಯವಂತರು, ಅಲ್ಲಿ ಎಣಿಸಿದ್ದು ಹನಿಗಳನ್ನು ಮಾತ್ರ, ಬೇರೆಯವರಿಗೆ ಸೋಂಕು ತಗುಲಿತೇ ಎಂಬುದನ್ನಲ್ಲ. ಆದರೂ ಈ ದಾರಿಯಲ್ಲಿ ನನಗೆ ಆಸೆ ಇದೆ. ಖರ್ಚು ಕಡಿಮೆ, ಮನೆಯಲ್ಲೇ ಆಗುವ ಕೆಲಸ.

ನೀವು ಮಾಡುವುದಾದರೆ, ಚೆನ್ನಾಗಿ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು. ಕಾಲುವೆ ನೀರು, ನಲ್ಲಿ ನೀರು ಹಾಗೇ ಮೂಗಿಗೆ ಹೋಗಕೂಡದು. ಕುದಿಸದ ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿ ಪ್ರಾಣ ತೆಗೆಯುತ್ತದೆ. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಇಂಥ ಸಾವುಗಳಾಗಿವೆ. ಇನ್ನು ತೌಡಿನ ಧೂಳಿಗೆ ಟವೆಲ್ ಸುತ್ತಿದರೆ ಸಾಲದು, ಎನ್95 ಮಾಸ್ಕ್ ಕೊಡಿಸಿರೆಂದು ಗಿರಣಿ ಮಾಲೀಕರನ್ನು ಕೇಳಿರಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಗವಿಮಠದ ಜಾತ್ರೆಗೆ ಲಕ್ಷಾಂತರ ಮಂದಿ ಸೇರುತ್ತಾರೆ. ನನಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂಗಿಗೆ ಹಾಕುವ ಲಸಿಕೆ ತೆಗೆದುಕೊಳ್ಳಲೇ?
– ನಿವೃತ್ತ ಶಿಕ್ಷಕರು, ಕೊಪ್ಪಳ

ಉತ್ತರ: ಸರ್, ಭಾರತ್ ಬಯೋಟೆಕ್‌ನ ಇನ್‌ಕೊವ್ಯಾಕ್ ಎಂಬ ಮೂಗಿನ ಲಸಿಕೆ 2023ರ ಜನವರಿ 26ರಂದು ಬಿಡುಗಡೆಯಾಯಿತು. ಅದು ಕೋವಿಡ್‌ಗೆ ಮಾತ್ರ. ವೈರಾಣು ಒಳಬರುವ ಬಾಗಿಲಲ್ಲೇ ಕಾವಲು ನಿಲ್ಲಿಸುವ ಯೋಚನೆ ಒಳ್ಳೆಯದೇ. ಆದರೆ ಪರೀಕ್ಷೆಯಲ್ಲಿ ಅಳೆದದ್ದು ರಕ್ಷಕ ಪ್ರತಿಕಾಯಗಳನ್ನು ಮತ್ತು ಸುರಕ್ಷತೆಯನ್ನು, ಹರಡುವಿಕೆ ಎಷ್ಟು ಇಳಿಯಿತು ಎಂಬುದನ್ನಲ್ಲ. ನಿಮಗೆ ಈಗ ಹೆಚ್ಚು ಉಪಯೋಗ ತೋಳಿಗೆ ಹಾಕುವ ಫ್ಲೂ ಚುಚ್ಚುಮದ್ದಿನಿಂದ. ಅದು ಕೆಲಸ ಮಾಡಲು ಎರಡು ವಾರ ಬೇಕು, ಜಾತ್ರೆಗೆ ಮೊದಲೇ ಹಾಕಿಸಿಕೊಳ್ಳಿರಿ. ತೇರಿನ ದಿನ ಮಾಸ್ಕ್ ಇರಲಿ.

ಪ್ರಶ್ನೆ: ಅಪ್ಪನಿಗೆ ಕ್ಷಯ (ಟಿಬಿ) ಅಂತ ಗೊತ್ತಾಗಿ ಐದು ದಿನ. ಒಂದೇ ಕೋಣೆಯ ಮನೆ, ಎರಡು ಸಣ್ಣ ಮಕ್ಕಳು. ನೆಬ್ಯುಲೈಸರ್ ಕೊಂಡು ಔಷಧದ ಹೊಗೆ ಕೊಟ್ಟರೆ ಬೇಗ ಹರಡುವುದು ನಿಲ್ಲುತ್ತದೆ ಎಂದರು. ಸಾಲ ಮಾಡಿ ಕೊಳ್ಳಲೇ?
– ಯಲಬುರ್ಗಾ ತಾಲ್ಲೂಕಿನ ರೈತ

ಉತ್ತರ: ಕೊಳ್ಳಬೇಡಪ್ಪ. ಆ ಯಂತ್ರ ಉಬ್ಬಸಕ್ಕೆ ಒಳ್ಳೆಯದು, ಟಿಬಿ ಹರಡುವುದನ್ನು ಅದು ತಡೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಕೆಮ್ಮು ಎದ್ದು ರೋಗಾಣುವಿನ ಸಣ್ಣ ಹನಿಗಳು ಗಾಳಿಗೆ ಇನ್ನಷ್ಟು ಸೇರಬಹುದು. ಅಪ್ಪನ ಟಿಬಿ ಬೇರೆಯವರಿಗೆ ಹತ್ತದಂತೆ ಮಾಡುವುದು ನುಂಗುವ ಮಾತ್ರೆಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಅವು ಪೂರ್ತಿ ಉಚಿತ. ಸಾಮಾನ್ಯ ಟಿಬಿಯಲ್ಲಿ ಸರಿಯಾಗಿ ಮಾತ್ರೆ ನುಂಗಿದರೆ ಸುಮಾರು ಎರಡು ವಾರಗಳಲ್ಲಿ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಹುಷಾರಾಯಿತೆಂದು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಬರುತ್ತದೆ, ಆರು ತಿಂಗಳು ಒಂದು ದಿನವೂ ತಪ್ಪಬಾರದು.

ಹರಡುವ ಶಕ್ತಿ ಕುಗ್ಗುವವರೆಗೆ ಅಪ್ಪ ಪಡಸಾಲೆಯಲ್ಲೋ ಗಾಳಿಯಾಡುವ ಕಟ್ಟೆಯ ಮೇಲೋ ಮಲಗಲಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಕಫ ಮುಚ್ಚಳದ ಡಬ್ಬಿಗೆ ಉಗುಳಲಿ. ತಾಟು, ಲೋಟ ಬೇರೆ ಮಾಡಿ ಅವರನ್ನು ದೂರ ತಳ್ಳಬೇಡ, ಟಿಬಿ ಊಟದ ತಾಟಿನಿಂದ ಹತ್ತುವುದಿಲ್ಲ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಹೆಸರು ಸೇರಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳು. ಎರಡೂ ಮಕ್ಕಳನ್ನು ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸು, ಅವರಿಗೆ ರೋಗ ಬಾರದಂತೆ ತಡೆಯುವ ಮಾತ್ರೆಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ.