ಆಲೆಮನೆಯ ಕೊಪ್ಪರಿಗೆ ಮತ್ತು ದ್ರಾವಣದ ಲೆಕ್ಕ

ದ್ರಾವಣಗಳ ಕೆಲವು ಗುಣಗಳು ಕರಗಿದ ವಸ್ತು ಯಾವುದೆಂಬುದನ್ನು ಅವಲಂಬಿಸದೆ, ಅದರ ಕಣಗಳ ಸಂಖ್ಯೆಯನ್ನು ಅವಲಂಬಿಸುತ್ತವೆ. ಇವೇ ಕಾಲಿಗೇಟಿವ್ ಗುಣಗಳು. ಕುದಿಬಿಂದುವಿನ ಏರಿಕೆಯು ಅವುಗಳಲ್ಲೊಂದು. ಇದೇ ಬಗೆಯ ಅಭಿಸರಣ ಒತ್ತಡದ ನಿಯಮಗಳನ್ನು ಕಂಡ ವ್ಯಾಂಟ್ ಹಾಫರಿಗೆ 1901ರಲ್ಲಿ ರಸಾಯನಶಾಸ್ತ್ರದ ಪ್ರಥಮ ನೊಬೆಲ್ ಪಾರಿತೋಷಕ ಸಂದಿತು.

ಸೂತ್ರವು ಕಂಠಸ್ಥವಾಗಿದ್ದರೂ ವಿದ್ಯಾರ್ಥಿಗಳ ಲೆಕ್ಕ ತಪ್ಪುವುದುಂಟು. ಕಾರಣವನ್ನರಿಯಲು ಮಿರ್ಲೆ ಸೀಮೆಯ ಮಕ್ಕಳಿಗೆ ಪರಿಚಿತವಾದ ಆಲೆಮನೆಯನ್ನೇ ನೋಡೋಣ.

ಒಂದು ಕಿಲೋಗ್ರಾಂ ಕಬ್ಬಿನ ಹಾಲಿನಲ್ಲಿ 180 ಗ್ರಾಂ ಸಕ್ಕರೆ, 820 ಗ್ರಾಂ ನೀರು ಇವೆಯೆಂದು ಭಾವಿಸೋಣ. ಇತರ ಅಂಶಗಳನ್ನು ಸದ್ಯಕ್ಕೆ ಬಿಡೋಣ. ಸಕ್ಕರೆಯ ಅಣುತೂಕ 342. ಆದುದರಿಂದ 180 ಗ್ರಾಂ ಎಂದರೆ 0.526 ಮೋಲ್. ಇದನ್ನು ಯಾವುದರಿಂದ ಭಾಗಿಸಬೇಕು? ದ್ರಾವಣದ 1 ಕಿಲೋಗ್ರಾಮಿನಿಂದಲ್ಲ, ದ್ರಾವಕವಾದ ನೀರಿನ 0.820 ಕಿಲೋಗ್ರಾಮಿನಿಂದ. ಆಗ ದೊರೆಯುವುದು 0.642. ನೀರಿನ ಸ್ಥಿರಾಂಕ 0.512ರಿಂದ ಗುಣಿಸಿದರೆ ಏರಿಕೆ 0.33 ಡಿಗ್ರಿ ಸೆಲ್ಸಿಯಸ್. ದ್ರಾವಣದ ತೂಕದಿಂದ ಭಾಗಿಸಿದವನಿಗೆ 0.27 ಬರುತ್ತದೆ. ಗುಣಾಕಾರ ಸರಿ, ಉತ್ತರ ತಪ್ಪು.

ಈ ಏರಿಕೆಯನ್ನು ಯಾವುದಕ್ಕೆ ಕೂಡಿಸಬೇಕೆಂಬುದು ಎರಡನೆಯ ಪ್ರಶ್ನೆ. ಸಮುದ್ರಮಟ್ಟಕ್ಕಿಂತ ಬಹಳ ಎತ್ತರದಲ್ಲಿರುವ ಮೈಸೂರು ಸೀಮೆಯಲ್ಲಿ ವಾಯುವಿನ ಒತ್ತಡ ಕಡಿಮೆ. ಶುದ್ಧ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಏರಿಕೆಯನ್ನು ಆ ಸ್ಥಳದ ಕುದಿಬಿಂದುವಿಗೆ ಕೂಡಿಸಬೇಕು.

ಮೂರನೆಯದು ಕಣಗಳ ಎಣಿಕೆ. ಒಂದು ಕಿಲೋಗ್ರಾಂ ನೀರಿನಲ್ಲಿ 342 ಗ್ರಾಂ ಸಕ್ಕರೆ ಕರಗಿದರೆ ಲೆಕ್ಕದ ಏರಿಕೆ 0.51 ಡಿಗ್ರಿ, ಕೇವಲ 58.5 ಗ್ರಾಂ ಅಡಿಗೆ ಉಪ್ಪು ಕರಗಿದರೆ ಸುಮಾರು 1.02. ಸಕ್ಕರೆಯ ಅಣು ಒಡೆಯದು. ಉಪ್ಪಾದರೋ ಸೋಡಿಯಂ, ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಬೇರ್ಪಡುತ್ತದೆ. ತೂಕವು ಕಡಿಮೆಯಾದರೂ ಕಣಗಳು ಇಮ್ಮಡಿ.

ಸೂತ್ರಕ್ಕೊಂದು ಮಿತಿಯೂ ಇದೆ. ಅದು ತೆಳು ದ್ರಾವಣಗಳಿಗೆ ಮಾತ್ರ ಸಲ್ಲುತ್ತದೆ. ಕೊಪ್ಪರಿಗೆಯಲ್ಲಿ ನೀರು ಆವಿಯಾದಂತೆಲ್ಲ ಕುದಿಬಿಂದು ಏರುತ್ತ ಹೋಗಿ, ಬೆಲ್ಲದ ಹದಕ್ಕೆ ಪಾಕವು 115 ಡಿಗ್ರಿಯನ್ನೂ ಮೀರುತ್ತದೆ. ಅಷ್ಟು ಗಟ್ಟಿಯಾದ ಪಾಕಕ್ಕೆ ಈ ಸರಳ ಸೂತ್ರವನ್ನು ಹಚ್ಚಿದರೆ ನಿಜವಾದ ಏರಿಕೆಗಿಂತ ಕಡಿಮೆ ಉತ್ತರ ಬರುತ್ತದೆ. ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಹದ ನೋಡುವ ಅನುಭವಿಯು ಉಷ್ಣಮಾಪಕವಿಲ್ಲದೆಯೇ ಈ ಏರಿಕೆಯನ್ನು ಗುರುತಿಸುತ್ತಾನೆ.

ಆದುದರಿಂದ ಉಪಾಧ್ಯಾಯರು ಸೂತ್ರಕ್ಕೆ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಸಲಿ: ದ್ರಾವಕವೆಷ್ಟು? ಕಣಗಳೆಷ್ಟು? ಸ್ಥಳದ ಕುದಿಬಿಂದುವೆಷ್ಟು? ದ್ರಾವಣ ತೆಳುವೇ? ಇವಕ್ಕೆ ಉತ್ತರ ಹೇಳಬಲ್ಲ ಹಳ್ಳಿಯ ಬಾಲಕನಿಗೆ ರಸಾಯನಶಾಸ್ತ್ರವು ಪಟ್ಟಣದ ಪ್ರಯೋಗಶಾಲೆಯ ಸೊತ್ತಾಗಿ ಉಳಿಯದು. ತನ್ನೂರಿನ ಒಲೆಯ ಮೇಲೂ ಅದನ್ನು ಕಾಣುವನು.