ಅಚ್ಚುಚಿತ್ರದ ಮೊದಲ ಪಾಠ: ಮಾನೊಟೈಪ್ ಮತ್ತು ಡ್ರೈಪಾಯಿಂಟ್

ಚಿತ್ರ ಬರೆಯುವ ಆಸೆಯಿದ್ದೂ ಕ್ಯಾನ್ವಾಸು, ಎಣ್ಣೆಬಣ್ಣಗಳ ಬೆಲೆ ಕೇಳಿ ಹಿಂದೆಗೆದವರು ನಮ್ಮ ವಾಚನಾಲಯದ ಗೆಳೆಯರಲ್ಲಿ ಕೆಲವರಾದರೂ ಇರಬಹುದು. ನಾಲ್ಕು ಜನ ಕೂಡಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಈಸೆಲ್ ನಿಲ್ಲಿಸಲು ಜಾಗವಾದರೂ ಎಲ್ಲಿದೆ? ಅಂಥವರಿಗೆ ಅಚ್ಚುಚಿತ್ರದ ಎರಡು ಸುಲಭ ವಿಧಾನಗಳನ್ನು ಇಲ್ಲಿ ಪರಿಚಯಿಸುತ್ತೇವೆ.

ಆಫೀಸಿನ ರಬ್ಬರ್ ಮೊಹರನ್ನು ನೋಡದವರಿಲ್ಲ. ಮೊಹರಿನಲ್ಲಿ ಅಕ್ಷರಗಳು ತಿರುವುಮುರುವು, ಕಾಗದದ ಮೇಲೆ ನೆಟ್ಟಗೆ. ಅಚ್ಚುಚಿತ್ರಕ್ಕೂ ಇದೇ ನಿಯಮ. ಚಿತ್ರದಲ್ಲಿ ಊರಿನ ಹೆಸರನ್ನೋ ಯುಗಾದಿಯ ಶುಭಾಶಯವನ್ನೋ ಬರೆಯುವುದಾದರೆ, ತೆಳುಕಾಗದದ ಮೇಲೆ ಮೊದಲು ನೆಟ್ಟಗೆ ಬರೆದು, ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಕಾಣುವಂತೆ ನಕಲಿಸಬೇಕು.

ಮೊದಲು ಮಾನೊಟೈಪ್ ಹಿಡಿಯುವುದು ಮೇಲು. ಇದಕ್ಕೆ ಯಂತ್ರ ಬೇಡ. ಅಂಚು ಉಜ್ಜಿಸಿದ ಗಾಜಿನ ತುಂಡು, ಚಿಕ್ಕ ರಬ್ಬರ್ ರೋಲರು, ಚಿಟಿಕೆಯಷ್ಟು ಅಚ್ಚಿನ ಮಸಿ, ಹಳೆಯ ಬಟ್ಟೆ ಇದ್ದರೆ ಸಾಕು. ಮಸಿಗಾಗಿ ದೊಡ್ಡ ಡಬ್ಬಿ ಕೊಳ್ಳಬೇಕಾಗಿಲ್ಲ. ಮದುವೆ ಕಾಗದಗಳ ಮುದ್ರಣಕ್ಕೆ ಹೆಸರಾದ ಛತ್ತಾ ಬಜಾರಿನಲ್ಲಿ ವಿನಯದಿಂದ ಕೇಳಿದರೆ ಡಬ್ಬಿಯ ತಳದ ಮಸಿ ಸಿಕ್ಕೀತು. ಗಾಜಿನ ಮೇಲೆ ಮಸಿಯನ್ನು ತೆಳ್ಳಗೆ ಹರಡಿ, ಬೆಳಕು ಬೇಕಾದ ಕಡೆ ಬಟ್ಟೆಯಿಂದಲೋ ಬೆಂಕಿಕಡ್ಡಿಯಿಂದಲೋ ಒರಸಿ ತೆಗೆಯಿರಿ. ಅಂದರೆ ಇಲ್ಲಿ ಚಿತ್ರ ಬರೆಯುವುದೆಂದರೆ ಕತ್ತಲೆಯನ್ನು ಅಳಿಸುವುದು. ಬಳಿಕ ಕಾಗದ ಹೊದಿಸಿ, ಚಮಚದ ಬೆನ್ನಿನಿಂದ ಸಮನಾಗಿ ಉಜ್ಜಿ, ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದರೆ ಚಿತ್ರ ಸಿದ್ಧ. ಒಳ್ಳೆಯ ಅಚ್ಚು ಒಂದೇ ಬರುತ್ತದೆ, ಎರಡನೆಯದು ಮಾಸಲು. ಆ ಮಾಸಲನ್ನೂ ಎಸೆಯಬೇಡಿ. ಫ್ರಾನ್ಸಿನ ಚಿತ್ರಕಾರ ಡೆಗಾ 1870ರ ದಶಕದಿಂದ ಎಷ್ಟೋ ಮಾನೊಟೈಪ್ ಮಾಡಿದವನು. ಮಾಸಲು ಅಚ್ಚಿನ ಮೇಲೆ ಪೇಸ್ಟಲ್ ಬಣ್ಣ ಹಚ್ಚಿ ಹೊಸ ಚಿತ್ರಗಳನ್ನೇ ಮಾಡಿದ.

ಡ್ರೈಪಾಯಿಂಟ್ ಹೆಚ್ಚು ತಾಳ್ಮೆ ಬೇಡುತ್ತದೆ. ತಾಮ್ರದ ಅಥವಾ ಸತುವಿನ ತಗಡನ್ನು, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗಟ್ಟಿ ಮೊನೆಯಿಂದ ಗೀರುವುದು. ಹಿಡಿಕೆಗೆ ಬಿಗಿದ ದಬ್ಬಳವೂ ಆದೀತು. ಆಮ್ಲದ ಗೊಡವೆ ಇಲ್ಲದ್ದರಿಂದಲೇ ಇದಕ್ಕೆ ‘ಡ್ರೈ’ ಎಂಬ ಹೆಸರು. ಗೀರಿದಾಗ ಗೆರೆಯ ಪಕ್ಕದಲ್ಲಿ ಲೋಹ ಸಿಬಿರಿನಂತೆ ಮೇಲೇಳುತ್ತದೆ. ಬಾಲಾನಗರ, ಸನತ್‌ನಗರದ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದು ಹೊಸದಲ್ಲ; ರಂಧ್ರ ಕೊರೆದ ಮೇಲೆ ಅಂಚಿನಲ್ಲಿ ನಿಲ್ಲುವ ‘ಬರ್’ ಅದೇ. ಅಲ್ಲಿ ಅದನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಮೇಸ್ತ್ರಿ ಬಿಡುವುದಿಲ್ಲ. ಇಲ್ಲಿ ಅದನ್ನೇ ಜೋಪಾನ ಮಾಡಬೇಕು! ಮಸಿ ಹಿಡಿದು ಗೆರೆಗೆ ಮಖಮಲ್ಲಿನಂಥ ನೆರಳು ಕೊಡುವುದು ಆ ಬರ್. ಆದ ಕಾರಣ ಮಸಿಯನ್ನು ಗೆರೆಗಳಿಗೆ ತುಂಬಿ ಮೇಲ್ಮೈ ಒರಸುವಾಗ ಕೈ ಹಗುರವಾಗಿರಬೇಕು.

ಬೀದರಿನ ಕಡೆಯಿಂದ ಬಂದವರಿಗೆ ಬಿದರಿ ಕೆಲಸ ನೆನಪಾದೀತು. ಅಲ್ಲಿಯೂ ಸತು ತಾಮ್ರಗಳ ಮಿಶ್ರಲೋಹದ ಮೇಲೆ ಚಾಣದಿಂದ ನಕ್ಷೆ ಕೊರೆಯುತ್ತಾರೆ. ಅಲ್ಲಿ ಗೆರೆಯೊಳಗೆ ಬೆಳ್ಳಿ ಕೂರುತ್ತದೆ, ಇಲ್ಲಿ ಮಸಿ ಕೂರುತ್ತದೆ. ಗೆರೆಯ ಓಟ ಕಲಿಯಬೇಕಾದರೆ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಬಿದರಿ ಹೂಜಿಗಳ ಮುಂದೆ ಪೆನ್ಸಿಲು ಹಿಡಿದು ಅರ್ಧ ಗಂಟೆ ನಿಲ್ಲಿ ಎಂದೇ ನಮ್ಮ ಸಲಹೆ.

ಒತ್ತುವಿಕೆಯ ವಿಷಯದಲ್ಲಿ ಮಾತ್ರ ತೊಡಕುಂಟು. ನೆನೆಸಿ, ಬ್ಲಾಟಿಂಗ್ ಕಾಗದದಲ್ಲಿ ನೀರು ಹೀರಿಸಿದ ಕಾಗದವನ್ನು ತಗಡಿನ ಮೇಲಿಟ್ಟು, ಉಣ್ಣೆಯ ದಪ್ಪ ಬಟ್ಟೆ ಹೊದಿಸಿ, ಕಬ್ಬಿನ ಗಾಣದಂತಿರುವ ಎರಡು ಉರುಳೆಗಳ ನಡುವೆ ಹಾಯಿಸಬೇಕು. ಚಮಚದಿಂದ ಉಜ್ಜಿದರೆ ಅಚ್ಚು ಬರುತ್ತದೆ, ಆದರೆ ಪೇಲವ. ಇಂಥ ಯಂತ್ರ ಕಲಾಶಾಲೆಗಳಲ್ಲಿರುತ್ತದೆ. ಗೀರಿದ ತಗಡು ಕೆಡುವುದಿಲ್ಲವಾದ್ದರಿಂದ, ಪರಿಚಯ ದೊರೆಯುವ ತನಕ ಬಟ್ಟೆಯಲ್ಲಿ ಸುತ್ತಿಟ್ಟು ಕಾಯಬಹುದು.

ಒತ್ತಿದಷ್ಟೂ ಬರ್ ಸವೆಯುತ್ತದೆ. ತಾಮ್ರದಿಂದ 20-30 ಒಳ್ಳೆಯ ಅಚ್ಚು ಬಂದರೆ ಹೆಚ್ಚು. ಪ್ಲಾಸ್ಟಿಕ್ಕಿನಿಂದ ಇನ್ನೂ ಕಡಮೆ. ರೆಂಬ್ರಾಂಟ್ 1653ರಲ್ಲಿ ‘ಮೂರು ಶಿಲುಬೆಗಳು’ ಚಿತ್ರವನ್ನು ಈ ವಿಧಾನದಲ್ಲೇ ಮಾಡಿದ. ತಗಡು ಸವೆದ ಮೇಲೆ ಅದನ್ನೇ ಮತ್ತೆ ಗೀರಿ, ಬಹುಮಟ್ಟಿಗೆ ಬೇರೆಯದೇ ಚಿತ್ರ ಮಾಡಿದ. ನಮ್ಮ ದೇಶದಲ್ಲಿ ಡ್ರೈಪಾಯಿಂಟಿಗೆ ಹೆಸರಾದವರು ಬಂಗಾಳದ ಮುಕುಲ್ ಡೇ. 1916ರಲ್ಲಿ ಠಾಕೂರರೊಡನೆ ಜಪಾನಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ ಷಿಕಾಗೋದಲ್ಲಿ ಎಚಿಂಗ್ ವಿದ್ಯೆ ಕಲಿತು ಬಂದರು. ನಮ್ಮೂರ ಸಮೀಪದ ಹೆಸರು ಕೆ. ಲಕ್ಷ್ಮಾ ಗೌಡ್ ಅವರದು. 1940ರಲ್ಲಿ ಮೆದಕ್ ಸೀಮೆಯ ನಿಜಾಂಪುರದಲ್ಲಿ ಹುಟ್ಟಿ, ಹೈದರಾಬಾದಿನ ಕಲಾಶಾಲೆಯಲ್ಲೂ ಆಮೇಲೆ ಬರೋಡದಲ್ಲೂ ಕಲಿತವರು. ಪಟ್ಟಣಗಳಲ್ಲಿ ಕಲಿತ ಎಚಿಂಗಿನಲ್ಲಿ ಅವರು ಮೂಡಿಸಿದ್ದು ತಮ್ಮ ಹಳ್ಳಿಯ ಗಂಡಸರು, ಹೆಂಗಸರು, ಆಡುಗಳನ್ನು. ನಮ್ಮಂತೆ ಊರು ಬಿಟ್ಟು ಬಂದವರು ಇದನ್ನು ಗಮನಿಸಬೇಕು. ಏನು ಬರೆಯಲಿ ಎಂದು ಕೇಳುವವರಿಗೆ ಬಾವಿಕಟ್ಟೆ, ಹಗೇವು, ಬಸ್ಸಿಗೆ ಕಾಯುವ ಅಜ್ಜಿ ಧಾರಾಳವಾಗಿ ಸಾಕು.

ಕೆಲಸ ಮುಗಿದ ಮೇಲೆ ಗಾಜು ತಗಡುಗಳನ್ನು ಸೀಮೆಎಣ್ಣೆಯಿಂದ ತೊಳೆಯಬೇಡಿ. ಇಕ್ಕಟ್ಟಾದ ಕೋಣೆಯಲ್ಲಿ ಆ ವಾಸನೆ ಒಳ್ಳೆಯದಲ್ಲ, ಜೊತೆಯವರಿಗೂ ಕಷ್ಟ. ಅಡುಗೆ ಎಣ್ಣೆಯಲ್ಲಿ ಮಸಿ ಬಿಡಿಸಿ ಸೋಪು ಹಚ್ಚಿದರಾಯಿತು. ಅಚ್ಚು ಒಣಗಿದ ಮೇಲೆ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕುವುದು ಪದ್ಧತಿ. 3/12 ಎಂದರೆ ಹನ್ನೆರಡರಲ್ಲಿ ಮೂರನೆಯದು, ಬಲಕ್ಕೆ ರುಜು. ಊರಿಗೆ ಕಳಿಸುವ ಅಚ್ಚನ್ನು ಮಡಚದೆ, ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು ಅಂಚೆಗೆ ಹಾಕಿರಿ.