ಅತ್ತೆಯ ಪ್ರಾರ್ಥನೆ, ಮಗನ ರವಿವಾರ

ಪ್ರಶ್ನೆ: ನಾವು ನವಲಗುಂದ ತಾಲೂಕಿನ ಒಂದು ಹಳ್ಳಿಯವರು. ಊರಲ್ಲಿ ಕ್ರೈಸ್ತರ ಮನೆ ಬೆರಳೆಣಿಕೆಯಷ್ಟು. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಪ್ರಾರ್ಥನೆ ಮಾಡುವುದು ಮಾವನವರ ಕಾಲದಿಂದ ಬಂದ ರೂಢಿ. ಈ ಸಲ ಹೆಸರು ಕೊಯ್ಲಿನ ಹೊತ್ತಿಗೆ ನಮ್ಮ ಯಜಮಾನರು ಮೂರು ನಾಲ್ಕು ರವಿವಾರ ಚರ್ಚಿಗೆ ಬರಲಿಲ್ಲ, ಹೊಲಕ್ಕೆ ಹೋದರು. ಅಂದಿನಿಂದ ಅತ್ತೆಯವರು ರಾತ್ರಿ ಪ್ರಾರ್ಥನೆಯಲ್ಲಿ ‘ಕರ್ತನೇ, ನನ್ನ ಮಗಗ ಬುದ್ಧಿ ಕೊಡು, ಹೊಲದ ಆಸೆಗೆ ನಿನ್ನ ಮರತಾನ’ ಅಂತ ಎಲ್ಲರ ಮುಂದೆ ಅಳುತ್ತಾರೆ. ಈಗ ಯಜಮಾನರು ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಿದ್ದಾರೆ. ಸರಿಯಾಗಿ ಆ ಹೊತ್ತಿಗೆ ದನಕ್ಕೆ ಮೇವು ಹಾಕಲು ಎದ್ದು ಹೋಗುತ್ತಾರೆ. ಎಂಟನೆಯ ತರಗತಿಯ ಮಗಳು ‘ಅಪ್ಪಗ ದೇವರ ಮ್ಯಾಲೆ ಸಿಟ್ಟು ಬಂದೈತೇನು?’ ಅಂತ ಕೇಳುತ್ತಾಳೆ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ತಂಗಿ, ನಿಮ್ಮ ಮನೆಯಲ್ಲಿ ಜಗಳ ನಡೆದಿರುವುದು ರವಿವಾರದ ಬಗ್ಗೆ. ಆದರೆ ಗಾಯವಾಗಿರುವುದು ರಾತ್ರಿಯ ಪ್ರಾರ್ಥನೆಯಲ್ಲಿ. ಇವೆರಡನ್ನು ಬಿಡಿಸಿ ನೋಡೋಣ.

ಎರಿ ಹೊಲದ ಹೆಸರು ಎಂಥ ಬೆಳೆ ಎಂಬುದು ನಿಮಗೆ ಗೊತ್ತು. ಕಾಯಿ ಕಪ್ಪಾಗಿ ನಿಂತಾಗ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳಕೆ ಒಡೆಯುತ್ತದೆ. ತೊಯ್ದ ಎರಿಯಲ್ಲಿ ಕಾಲಿಡಲೂ ಬರುವುದಿಲ್ಲ. ನೆಲ ಆರಿ, ಆಳು ಅಥವಾ ಬಾಡಿಗೆ ಮಷೀನು ಸಿಕ್ಕ ದಿನ ರವಿವಾರವೇ ಆಗಿದ್ದರೆ ರೈತ ಏನು ಮಾಡಬೇಕು? ಸಾಲದ್ದಕ್ಕೆ ಸೋಮವಾರ ಬಸವಣ್ಣನ ವಾರ, ನಮ್ಮ ಸೀಮೆಯಲ್ಲಿ ಎತ್ತು ಹೂಡುವುದಿಲ್ಲ. ಊರವರ ಎತ್ತು ನೆಚ್ಚಿಕೊಂಡ ಕ್ರೈಸ್ತ ರೈತನಿಗೆ ವಾರದಲ್ಲಿ ಎರಡು ದಿನ ಕೈಬಿಟ್ಟು ಹೋಗುತ್ತವೆ. ಈ ಇಕ್ಕಟ್ಟು ಚರ್ಚಿನಲ್ಲಿ ಕೂತವರಿಗೆ ಬೇಗ ಕಾಣುವುದಿಲ್ಲ.

ಅತ್ತೆಯವರ ಮಾತಿಗೂ ಆಧಾರವಿದೆ, ಅದನ್ನು ಮುಚ್ಚಿಡಬಾರದು. ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ಏಳನೆಯ ದಿನ ಬಿಡುವು ಇರಬೇಕೆಂದು ವಿಮೋಚನಕಾಂಡ 34ನೇ ಅಧ್ಯಾಯ ಹೇಳುತ್ತದೆ. ಆ ಬಿಡುವು ಯಜಮಾನನಿಗಷ್ಟೇ ಅಲ್ಲ, ಆಳಿಗೂ ಎತ್ತಿಗೂ ಸೇರಿದ್ದು. ಹಾಗೆಯೇ, ಸಬ್ಬತ್ ದಿನ ತೆನೆ ಕಿತ್ತ ಶಿಷ್ಯರ ಪರವಾಗಿ ಯೇಸು ನಿಂತದ್ದು ಮಾರ್ಕನ 2ನೇ ಅಧ್ಯಾಯದಲ್ಲಿದೆ. ಬಾವಿಗೆ ಬಿದ್ದ ಎತ್ತಿನ ಮಾತು ಲೂಕನ 14ರಲ್ಲಿದೆ. ಕಣ್ಣೆದುರೇ ಹಾಳಾಗುವ ಬೆಳೆಯನ್ನು ಉಳಿಸಿಕೊಂಡವನು ದೇವರನ್ನು ಮರೆತ ಎಂದು ನಾನು ಒಪ್ಪುವುದಿಲ್ಲ. ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೂ ಅವರು ಬರದಿದ್ದರೆ, ಆಗ ಕಾರಣ ಹೊಲದಲ್ಲಿಲ್ಲ, ಬೇರೆಲ್ಲೋ ಇದೆ.

ನನ್ನ ಅನುಮಾನ, ಆ ಕಾರಣ ಪ್ರಾರ್ಥನೆಯ ಚಾಪೆಯ ಮೇಲೆಯೇ ಇದೆ. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ತಾಯಿ ಅಳುತ್ತ ಮಗನ ತಪ್ಪು ಹೇಳುತ್ತಿದ್ದಾರೆ. ಹೆಂಡತಿ ಮಕ್ಕಳು ಕೇಳುತ್ತಿದ್ದಾರೆ. ಆ ಮಗ ನಡುವೆ ಬಾಯಿ ಹಾಕುವಂತಿಲ್ಲ, ಏಕೆಂದರೆ ಅದು ದೇವರೊಂದಿಗಿನ ಮಾತು. ಕೊನೆಗೆ ‘ಆಮೆನ್’ ಅನ್ನಬೇಕು, ತನ್ನ ಮೇಲಿನ ದೂರಿಗೆ ತಾನೇ ಸಹಿ ಹಾಕಿದ ಹಾಗೆ. ಅವರು ಎದ್ದು ಹೋಗಿದ್ದು ದೇವರಿಂದಲ್ಲ ತಂಗಿ, ಆ ದೂರಿನಿಂದ. ಲೂಕನ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಬಂದ ಫರಿಸಾಯ ಪ್ರಾರ್ಥನೆಯೊಳಗೇ ಪಕ್ಕದ ಸುಂಕದವನನ್ನು ತೋರಿಸುತ್ತಾನೆ. ಅತ್ತೆಯವರಲ್ಲಿ ಅಂಥ ಅಹಂಕಾರವಿಲ್ಲ, ಅವರದು ನಿಜವಾದ ಸಂಕಟ. ಆದರೂ ಮಗನ ಕಿವಿಗೆ ಬಿದ್ದದ್ದು ಸಂಕಟವಲ್ಲ, ತೀರ್ಪು.

ಯಾರ ಕಡೆಯೂ ನಿಲ್ಲಬೇಡಿ. ಅತ್ತೆಯವರೊಂದಿಗೆ ಮಾತಾಡಿ, ಆದರೆ ರಾತ್ರಿ ಬೇಡ. ಮುಂಜಾನೆ ನೀವು ರೊಟ್ಟಿ ಬಡಿಯುವಾಗ ಅವರು ಒಲೆ ಮುಂದೆ ಬಂದು ಕೂರುತ್ತಾರಲ್ಲ, ಆಗ ಹೇಳಿ: ‘ಅತ್ತೀ, ಅವರ ಸಲುವಾಗಿ ಪ್ರಾರ್ಥನೆ ಬಿಡಬ್ಯಾಡ್ರಿ. ಆದರ ಆ ಮಾತು ನಸುಕಿನ್ಯಾಗ ನೀವೊಬ್ಬರೇ ಇದ್ದಾಗ ಆಗಲಿ. ಎಲ್ಲಾರೂ ಕೂತಾಗ ಅವರ ಮೈಗೆ ಆರಾಮ ಇರಲಿ, ಹೊಲದಾಗ ಕೆಲಸ ಸುಸೂತ್ರ ಆಗಲಿ ಅಂತ ಕೇಳ್ರಿ.’ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಯೇಸು ಹೇಳಿದ್ದನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು. ಮಗನಿಗೆ ಹೇಳಬೇಕಾದ್ದಿದ್ದರೆ ನೇರವಾಗಿ ಅವರಿಗೇ ಹೇಳಲಿ, ಅವರೂ ಉತ್ತರ ಕೊಡಲಿ. ಏರುದನಿಯ ನಾಲ್ಕು ಮಾತು ಬಂದರೂ ಚಿಂತೆಯಿಲ್ಲ.

ಪ್ರಾರ್ಥನೆಯ ಹೊತ್ತನ್ನೂ ಸ್ವಲ್ಪ ಸರಿಸಿ. ದನಕ್ಕೆ ಮೇವು ಹಾಕಿ, ಕೈಕಾಲು ತೊಳೆದುಕೊಂಡು ಅವರು ಒಳಗೆ ಬಂದ ಮೇಲೆ ಕೂತರಾಯಿತು. ಮಗಳು ಒಂದು ಕೀರ್ತನೆ ಓದಲಿ. ಪ್ರಾರ್ಥನೆ ಚಿಕ್ಕದಿರಲಿ. ಮೊದಲ ವಾರ ಅವರು ಬರದಿದ್ದರೆ ಕರೆಯಲು ಯಾರೂ ಹೋಗಬೇಡಿ.

ಯಜಮಾನರನ್ನು ‘ಚರ್ಚಿಗೆ ಯಾಕ ಬರಲಿಲ್ಲ’ ಎಂದು ಕೇಳುವ ಮುಂಚೆ ಹೆಸರು ಎಷ್ಟು ಚೀಲ ಬಂತು, ಯಾವ ದರಕ್ಕೆ ಹೋಯಿತು, ಸೊಸೈಟಿ ಸಾಲ ಎಷ್ಟು ಉಳಿಯಿತು ಎಂದು ಕೇಳಿ. ಎಷ್ಟೋ ಗಂಡಸರು ದೇವರ ಮುಂದೆ ಕೂರದಿರುವುದಕ್ಕೆ ಸಾಲದ ಚಿಂತೆ ಕಾರಣವಾಗಿರುತ್ತದೆ. ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಸಭಾಪಾಲಕರನ್ನು ಕಾಣುವುದೂ ಒಳ್ಳೆಯದು. ಆದರೆ ‘ನಮ್ಮವರಿಗೆ ಒಂದು ಪ್ರಸಂಗ ಮಾಡಿ’ ಎಂದು ಮಾತ್ರ ಕೇಳಬೇಡಿ, ಅದು ಅದೇ ದೂರನ್ನು ಇಡೀ ಸಭೆಯ ಮುಂದೆ ಓದಿದಂತೆ. ಸುಗ್ಗಿಯಲ್ಲಿ ಆರಾಧನೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಲು ಸಾಧ್ಯವೇ ಎಂದು ಕೇಳಿ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅಷ್ಟು ಹಿಂದಿನಿಂದ ಈ ಸೀಮೆಯಲ್ಲಿ ಸಭೆ ಬೆಳೆದಿರುವುದು ಮಳೆ ನಂಬಿದ ಊರುಗಳ ನಡುವೆ. ಬೆಳೆಯನ್ನು ತಂದು ದೇವರ ಮುಂದಿಡುವ ಸುಗ್ಗಿಯ ಕೃತಜ್ಞತಾ ಆರಾಧನೆಯೂ ನಮ್ಮಲ್ಲಿದೆ. ಆ ದಿನ ಹೆಸರಿನ ಚೀಲವನ್ನು ನಿಮ್ಮ ಯಜಮಾನರೇ ಹೊತ್ತು ತರಲಿ. ಆ ಮೂರು ನಾಲ್ಕು ರವಿವಾರದ ದುಡಿಮೆ ಅದರಲ್ಲಿದೆ ಎಂದು ಅತ್ತೆಯವರಿಗೂ ಕಾಣಲಿ.

ಉಳಿದದ್ದು ಮಗಳ ಪ್ರಶ್ನೆ. ಅದಕ್ಕೆ ನೀವು ಉತ್ತರ ಕೊಡಬೇಡಿ, ಅತ್ತೆಯವರೂ ಕೊಡುವುದು ಬೇಡ. ಸಂಜೆ ಅಪ್ಪನ ಜೊತೆ ಕೊಟ್ಟಿಗೆಗೆ ಕಳಿಸಿ, ಮೇವು ಹಾಕಲು ಕೈಗೂಡಿಸಲಿ, ಮನಸ್ಸಿಗೆ ಬಂದರೆ ಅವಳೇ ಕೇಳಲಿ. ಅಪ್ಪ ಏನಂದರು ಎಂದು ಆಮೇಲೆ ಅವಳನ್ನು ಕೆದಕಬೇಡಿ.